ಕಿತ್ತಳೆ ಎಂಬ ಹೆಸರು ಯಾವುದಕ್ಕೆ ಸಲ್ಲಬೇಕು?

ಡಬ್ಬಿಯ ಮೇಲೆ 'ಕಿತ್ತಳೆ ರಸ' ಎಂದು ಅಚ್ಚು ಹಾಕಬೇಕಾದರೆ ಒಳಗೆ ಯಾವ ಹಣ್ಣಿನ ರಸ ಇರಬೇಕು? ಇದೇನು ಪ್ರಶ್ನೆ, ಕಿತ್ತಳೆಯದ್ದೇ ಅಲ್ವಾ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಕೆಲವು ವರ್ಷಗಳಿಂದ ರಸದ ಉದ್ಯಮದವರು, ತಳಿ ವಿಜ್ಞಾನಿಗಳು, ಆಹಾರ ಕಾನೂನು ಬರೆಯುವವರು ಎಲ್ಲರೂ ಇದೇ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ. ಉತ್ತರ ಯಾವ ಕಡೆ ವಾಲುತ್ತದೆ ಎನ್ನುವುದರ ಮೇಲೆ ಬಹಳ ಬೆಳೆಗಾರರ ಬದುಕು ನಿಂತಿದೆ.

ಅಮೆರಿಕದ ನಿಯಮ ಹೀಗಿದೆ. ಕಿತ್ತಳೆ ರಸ ಎಂದರೆ 'ಸಿಟ್ರಸ್ ಸೈನೆನ್ಸಿಸ್' ಎಂಬ ಜಾತಿಯ, ಅಂದರೆ ಸಿಹಿ ಕಿತ್ತಳೆಯ ರಸ. ಮ್ಯಾಂಡರಿನ್ ಎಂಬ, ಸಿಪ್ಪೆ ಸಡಿಲವಾಗಿ ಸುಲಿದುಬರುವ ಕಿತ್ತಳೆಯಂಥ ಇನ್ನೊಂದು ಜಾತಿಯ ಅಥವಾ ಅದರ ಮಿಶ್ರತಳಿಯ ರಸವನ್ನು ಬೆರೆಸಬೇಕೆಂದರೆ ಹತ್ತರಲ್ಲಿ ಒಂದು ಪಾಲು ಮಾತ್ರ. ಅದಕ್ಕಿಂತ ಜಾಸ್ತಿಯಾದರೆ ಆ ಹೆಸರು ಹಾಕುವಂತಿಲ್ಲ. ಎಷ್ಟೋ ವರ್ಷ ಈ ನಿಯಮದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕಿತ್ತಳೆ ಬೇಕಾದಷ್ಟು ಸಿಗುತ್ತಿತ್ತು, ಬೇರೆ ಹಣ್ಣು ಬೆರೆಸುವ ಅಗತ್ಯವೇ ಇರಲಿಲ್ಲ.

ಈಚಿನ ವರ್ಷಗಳಲ್ಲಿ ಅಷ್ಟು ಸಿಗುತ್ತಿಲ್ಲ. ಕಾರಣ ಒಂದು ರೋಗ. ಚೀನಾದಲ್ಲಿ ಅದಕ್ಕೆ ಹುವಾಂಗ್‌ಲಾಂಗ್‌ಬಿಂಗ್ ಎನ್ನುತ್ತಾರೆ, ಬೇರೆ ಕಡೆ ಗ್ರೀನಿಂಗ್. ಎಳ್ಳಿನಷ್ಟು ಸಣ್ಣ ಕೀಟವೊಂದು ಚಿಗುರಿನ ರಸ ಹೀರುತ್ತಾ ಒಂದು ಬ್ಯಾಕ್ಟೀರಿಯಾವನ್ನು ಮರದಿಂದ ಮರಕ್ಕೆ ದಾಟಿಸುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಹಣ್ಣಿಗೂ ಬೇರಿಗೂ ಇಳಿಯುವ ದಾರಿ ಕಟ್ಟಿಕೊಳ್ಳುತ್ತದೆ. ರೋಗ ಹತ್ತಿದ ಮರದ ಒಂದು ಹಣ್ಣನ್ನು ಕೈಗೆ ತೆಗೆದುಕೊಳ್ಳಿ. ಒಂದು ಮಗ್ಗುಲು ಊದಿದೆ, ಇನ್ನೊಂದು ಸೊಟ್ಟಗಿದೆ. ಒಳ್ಳೆಯ ಹಣ್ಣು ಬುಡದಿಂದ ಬಣ್ಣ ಏರಿಸಿಕೊಂಡು ತೊಟ್ಟಿನ ಕಡೆ ಹೋಗುತ್ತದೆ. ಇದು ತಿರುಗುಮುರುಗು: ತೊಟ್ಟಿನ ಹತ್ತಿರ ಬಣ್ಣ ಬಂದಿದೆ, ಬುಡ ಇನ್ನೂ ಹಸಿರು. ಉದ್ದಕ್ಕೆ ಕೊಯ್ದರೆ ನಡುವಿನ ದಿಂಡು ಬಾಗಿರುತ್ತದೆ, ಬೀಜಗಳು ಕಪ್ಪಗೆ ಜೊಳ್ಳಾಗಿರುತ್ತವೆ. ರಸ ಕಹಿ. ಬಹಳ ಹಣ್ಣು ಕೊಯ್ಲಿನವರೆಗೂ ನಿಲ್ಲುವುದೇ ಇಲ್ಲ, ಉದುರಿ ಹೋಗುತ್ತದೆ. ಈ ರೋಗಕ್ಕೆ ಪೂರ್ತಿ ವಾಸಿ ಮಾಡುವ ಮದ್ದು ಇನ್ನೂ ಸಿಕ್ಕಿಲ್ಲ.

ಫ್ಲೋರಿಡಾದಲ್ಲಿ ಈ ರೋಗ ಪತ್ತೆಯಾದದ್ದು 2005ರಲ್ಲಿ. ಅದಕ್ಕೂ ಮೊದಲು, 2003-04ರ ಹಂಗಾಮಿನಲ್ಲಿ, ಅಲ್ಲಿ 24 ಕೋಟಿ ಪೆಟ್ಟಿಗೆಗೂ ಮೀರಿ ಕಿತ್ತಳೆ ಬೆಳೆದಿತ್ತು. ಒಂದು ಪೆಟ್ಟಿಗೆ ಎಂದರೆ ಸುಮಾರು 41 ಕೆ.ಜಿ. 2024-25ರಲ್ಲಿ ಬಂದದ್ದು ಸುಮಾರು 1.2 ಕೋಟಿ ಪೆಟ್ಟಿಗೆ. ಚಂಡಮಾರುತಗಳೂ ಹೊಡೆದವು, ತೋಟಗಳು ಮನೆ ನಿವೇಶನಗಳೂ ಆದವು, ಆದರೆ ದೊಡ್ಡ ಪೆಟ್ಟು ರೋಗದ್ದೇ. ಜಗತ್ತಿಗೆ ಅತಿ ಹೆಚ್ಚು ಕಿತ್ತಳೆ ರಸ ಕಳಿಸುವ ಬ್ರೆಜಿಲ್‌ನಲ್ಲೂ 2024-25ರ ಬೆಳೆ ಮೂರು ದಶಕಗಳಲ್ಲೇ ಅತಿ ಕಡಿಮೆ ಮಟ್ಟಕ್ಕೆ ಇಳಿಯಿತು. ಅಲ್ಲಿ ಬಿಸಿಲೂ ಬರವೂ ರೋಗದ ಜೊತೆ ಸೇರಿಕೊಂಡವು. 2024ರ ಕೊನೆಗೆ ಗಟ್ಟಿ ರಸದ ವಾಯಿದಾ ಬೆಲೆ (ಮುಂದೆ ಕೊಡುವ ಮಾಲಿಗೆ ಈಗಲೇ ಗೊತ್ತುಮಾಡುವ ಬೆಲೆ) ಪೌಂಡಿಗೆ 5 ಡಾಲರ್ ದಾಟಿತು. ನಾಲ್ಕೈದು ವರ್ಷ ಹಿಂದೆ ಅದು ಒಂದು ಡಾಲರ್ ಆಸುಪಾಸಿನಲ್ಲಿತ್ತು.

ಆಗಲೇ ಹೆಸರಿನ ಪ್ರಶ್ನೆ ಎದ್ದದ್ದು. ರೋಗವನ್ನು ಹೆಚ್ಚು ತಾಳಿಕೊಳ್ಳುವ ಮ್ಯಾಂಡರಿನ್‌ನಂಥ ಹಣ್ಣುಗಳ ರಸವನ್ನೂ ಬಳಸುವ ದಾರಿ ನೋಡಬೇಕಾಗಬಹುದು ಎಂಬ ಮಾತು 2024ರಲ್ಲಿ ಉದ್ಯಮದೊಳಗಿಂದಲೇ ಕೇಳಿಬಂತು. ಅದಕ್ಕೆ ಅಂತರರಾಷ್ಟ್ರೀಯ ಆಹಾರ ಮಾನದಂಡವನ್ನೇ ತಿದ್ದಬೇಕಾಗುತ್ತದೆ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ ಇಲಾಖೆ ಇನ್ನೊಂದು ಪ್ರಸ್ತಾವ ತಂದಿತು: ರಸದಲ್ಲಿ ಇರಲೇಬೇಕಾದ ಸಿಹಿಯ ಅಳತೆಯನ್ನು 10.5 ಬ್ರಿಕ್ಸ್‌ನಿಂದ 10ಕ್ಕೆ ಇಳಿಸುವುದು. ಕಾಯಿಲೆ ಬಿದ್ದ ಮರದ ಹಣ್ಣು ಮೊದಲಿನಷ್ಟು ಸಿಹಿ ಕೊಡುತ್ತಿಲ್ಲ, ಅದಕ್ಕೆ. ಇತ್ತ ತಳಿ ವಿಜ್ಞಾನಿಗಳು ರೋಗ ತಾಳುವ ಮೂರೆಲೆಯ ಕಾಡು ಜಾತಿಯೊಂದನ್ನು ಕಿತ್ತಳೆ, ಮ್ಯಾಂಡರಿನ್‌ಗಳ ಜೊತೆ ತಲೆಮಾರುಗಟ್ಟಲೆ ಬೆರೆಸಿ ಹೊಸ ತಳಿಗಳನ್ನು ತಂದಿದ್ದಾರೆ. ಕೆಲವು ರುಚಿಯಲ್ಲೂ ವಾಸನೆಯಲ್ಲೂ ಕಿತ್ತಳೆಗೆ ತೀರಾ ಹತ್ತಿರ. ಅವನ್ನು ಕಿತ್ತಳೆ ಎಂದೇ ಮಾರಲು ಬಿಡಿ ಎನ್ನುವುದು ಅವರ ಕೇಳಿಕೆ. ಮಿಶ್ರತಳಿಗೆ ಅಸಲಿ ಹೆಸರು ಕೊಡುವುದು ಮೋಸ ಎನ್ನುವುದು ಎದುರು ವಾದ.

ಈ ಎದುರು ವಾದದಲ್ಲಿ ಒಂದು ದೊಡ್ಡ ತೊಡಕಿದೆ. ನಾವು ಅಸಲಿ ಎನ್ನುವ ಕಿತ್ತಳೆಯೇ ಮಿಶ್ರತಳಿ. ಅದರಲ್ಲಿ ಚಕ್ಕೋತವೂ ಇದೆ, ಮ್ಯಾಂಡರಿನ್ನೂ ಇದೆ. ಅದರ ಜೀನೋಮ್, ಅಂದರೆ ವಂಶವಾಹಿಗಳ ಇಡೀ ಬರಹ, ಓದಿದವರು ಇದನ್ನು ಖಚಿತ ಮಾಡಿದ್ದಾರೆ. ಚಕ್ಕೋತ, ಮ್ಯಾಂಡರಿನ್, ಮಾದಳ: ನಾವು ತಿನ್ನುವ ಹುಳಿಸಿಹಿ ಹಣ್ಣುಗಳಲ್ಲಿ ಬಹುಪಾಲು ಈ ಮೂರರ ಬೆರಕೆಯಿಂದ ಹುಟ್ಟಿದವು. ಹುಳಿ ಕಿತ್ತಳೆ ಮಾದಳದ ಜೊತೆ ಸೇರಿ ದಪ್ಪ ನಿಂಬೆಯಾಯಿತು. ಈ ಇಡೀ ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲು, ಅಂದರೆ ಅಸ್ಸಾಮಿನ ಪೂರ್ವ ಭಾಗ, ಮ್ಯಾನ್ಮಾರ್‌ನ ಉತ್ತರ, ಚೀನಾದ ಯುನ್ನಾನ್ ಪಶ್ಚಿಮ ಎಂದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಹೇಳಿತು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. ನೇವಲ್, ವೇಲೆನ್ಸಿಯಾ, ಒಳಗೆ ರಕ್ತದ ಬಣ್ಣ ಇರುವ ಕಿತ್ತಳೆ, ಇವೆಲ್ಲ ಬೇರೆ ಬೇರೆ ಮರಗಳ ಸಂತಾನವಲ್ಲ. ಯಾವುದೋ ಕಾಲದಲ್ಲಿ ಹುಟ್ಟಿದ ಒಂದೇ ಸಿಹಿ ಕಿತ್ತಳೆ ಮರದ ಕೊಂಬೆಗಳಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಬದಲಾವಣೆ ಕಾಣಿಸಿತು. ಜನ ಅದನ್ನು ಕಸಿ ಕಟ್ಟಿ ಬೆಳೆಸಿದರು. ನೇವಲ್‌ಗಂತೂ ಬೀಜವೇ ಇಲ್ಲ. ಬ್ರೆಜಿಲ್‌ನ ಬಹಿಯಾದಿಂದ 1870ರಲ್ಲಿ ಸಸಿಗಳು ವಾಷಿಂಗ್ಟನ್‌ಗೆ ಬಂದವು, 1873ರ ಹೊತ್ತಿಗೆ ಎರಡು ಮರ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ತಲುಪಿದವು. ಅವುಗಳಲ್ಲಿ ಒಂದು ಈಗಲೂ ಅಲ್ಲೇ ನಿಂತಿದೆ. ರೋಗದ ಕೀಟ ತಾಕದಿರಲಿ ಎಂದು ಅದರ ಸುತ್ತ ಬಲೆಯ ಗುಡಾರ ಕಟ್ಟಿದ್ದಾರೆ. ಕ್ಯಾಲಿಫೋರ್ನಿಯಾದ ನೇವಲ್ ತೋಟಗಳೆಲ್ಲ ಆ ಎರಡು ಮರಗಳ ಕಸಿಯಿಂದ ಬೆಳೆದವು. ಹೀಗೆ ಎಲ್ಲ ಒಂದೇ ರಕ್ತವಾದ್ದರಿಂದಲೇ ರೋಗಕ್ಕೂ ಎಲ್ಲ ಒಂದೇ ಸಮ ಬಲಿಯಾಗುತ್ತಿವೆ. ಕಾನೂನು 'ಕಿತ್ತಳೆ' ಎಂಬ ಹೆಸರನ್ನು ಹೆಚ್ಚುಕಡಿಮೆ ಈ ಒಂದೇ ವಂಶಕ್ಕೆ ಬರೆದುಕೊಟ್ಟಿದೆ.

ಆದ್ದರಿಂದ ಮಿಶ್ರತಳಿ ಎಂಬ ಒಂದೇ ಕಾರಣಕ್ಕೆ ಹೊಸ ಹಣ್ಣಿಗೆ ಆ ಹೆಸರು ನಿರಾಕರಿಸುವುದು ನ್ಯಾಯವಲ್ಲ. ಕುಡಿಯುವವನು ಕಿತ್ತಳೆ ಎಂದು ಯಾವ ರುಚಿಯನ್ನು ನಿರೀಕ್ಷಿಸುತ್ತಾನೋ ಅದನ್ನು ಕೊಡುವ ಹಣ್ಣಾದರೆ ಹೆಸರು ಸಲ್ಲಲಿ, ತಳಿ ಯಾವುದು ಎಂಬುದನ್ನೂ ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆಯಲಿ. ಆದರೆ ಅಗ್ಗದ ಮ್ಯಾಂಡರಿನ್ ರಸವನ್ನು ಮೂರನೇ ಒಂದು ಪಾಲು ಸುರಿದು ಹಳೆಯ ಹೆಸರಿನಲ್ಲೇ ಹಳೆಯ ಬೆಲೆಗೇ ಮಾರುವುದನ್ನು ಇದರ ಜೊತೆ ಸೇರಿಸಬಾರದು. ಅದು ಕೊಳ್ಳುವವನಿಗೆ ತಿಳಿಯದಂತೆ ಮಾಡುವ ಬೆರಕೆ. ಎರಡೂ ಬೇರೆ ಬೇರೆ ವಿಷಯ, ಚರ್ಚೆಯಲ್ಲಿ ಮಾತ್ರ ಒಂದಾಗಿಬಿಟ್ಟಿವೆ.

ಈಗ ಆ ಹೆಸರಿಗೇ ಬರೋಣ. ಯಾಕೆಂದರೆ ಅದೂ ಹಣ್ಣಿನಷ್ಟೇ ಬೆರಕೆ.

ಇಂಗ್ಲಿಷಿನ 'ಆರೆಂಜ್' ನಮ್ಮ ಕಡೆಯಿಂದ ಹೋದ ಪದ ಎಂದು ಆನ್‌ಲೈನ್‌ನಲ್ಲಿ ಆಗಾಗ ಒಂದು ಕಥೆ ಓಡಾಡುತ್ತದೆ. ಆನೆಯೊಂದು ಕಾಡಿನಲ್ಲಿ ಈ ಹಣ್ಣನ್ನು ಹೊಟ್ಟೆ ಬಿರಿಯುವಷ್ಟು ತಿಂದು ಸತ್ತಿತಂತೆ. ಅಲ್ಲಿ ಮತ್ತೆ ಮರಗಳು ಹುಟ್ಟಿದವಂತೆ. ಅದಕ್ಕೇ ಆನೆಯ ಅಜೀರ್ಣ ಎಂಬ ಅರ್ಥದ ಸಂಸ್ಕೃತ ಹೆಸರು ಬಂತಂತೆ. ಸಂಸ್ಕೃತದಲ್ಲಿ ನಾರಂಗ, ನಾಗರಂಗ ಎರಡೂ ರೂಪಗಳಿವೆ, 'ನಾಗ' ಎಂದರೆ ಆನೆಯೂ ಹೌದು. ಅಷ್ಟು ಎಳೆ ಹಿಡಿದು ಕಥೆ ಹೆಣೆದಿದ್ದಾರೆ. ಕೇಳಲು ಚೆನ್ನಾಗಿದೆ, ಆಧಾರ ಮಾತ್ರ ಇಲ್ಲ.

ಸಂಸ್ಕೃತದ ನಾರಂಗವೂ ದ್ರಾವಿಡ ಭಾಷೆಗಳಿಂದ ಬಂದಿರಬೇಕು ಎಂಬುದು ಅನೇಕ ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಮಲಯಾಳದಲ್ಲಿ ಇವತ್ತಿಗೂ 'ನಾರಂಗ' ಎಂಬುದು ಈ ಕುಲದ ಹಣ್ಣುಗಳಿಗೆಲ್ಲ ಸಲ್ಲುವ ಪದ. ಅಲ್ಲಿ 'ಚೆರುನಾರಂಗ' ಎಂದರೆ ನಿಂಬೆ. ತಮಿಳಿನಲ್ಲಿ 'ನಾರ್ತಂಗಾಯ್' ಇದೆ. ಇವುಗಳ ಹಿಂದೆ ವಾಸನೆ ಬೀರುವುದು ಎಂಬ ಅರ್ಥದ ಧಾತು ಇರಬಹುದು ಎನ್ನುತ್ತಾರೆ. ಕನ್ನಡದ 'ನಾರು', 'ನಾತ' ಅದೇ ಬಳಗದವು. ನಮ್ಮಲ್ಲಿ ಅದು ಕೆಟ್ಟ ವಾಸನೆಗೆ ಇಳಿದುಬಿಟ್ಟಿದೆ, ಹಳೆಯ ತಮಿಳಿನಲ್ಲಿ ಹೂವಿನ ಕಂಪಿಗೂ ಅದೇ ಮಾತು. ಹಣ್ಣಿನ ಸಿಪ್ಪೆಯನ್ನು ಉಗುರಿನಿಂದ ಗೀರಿದರೆ ಸಣ್ಣ ಸಣ್ಣ ಎಣ್ಣೆಯ ಗ್ರಂಥಿಗಳು ಒಡೆದು ಘಮ್ಮೆನ್ನುತ್ತವಲ್ಲ, ಆ ಘಮಲಿಗೆ ಕೊಟ್ಟ ಹೆಸರು ಎಂಬುದು ಊಹೆ. ಊಹೆಯೇ ಆದರೂ ಆನೆಯ ಕಥೆಗಿಂತ ಎಷ್ಟೋ ಗಟ್ಟಿ.

ಅಲ್ಲಿಂದ ಪದ ಪಶ್ಚಿಮಕ್ಕೆ ನಡೆಯಿತು. ಪರ್ಷಿಯನ್ನರ ಬಾಯಲ್ಲಿ 'ನಾರಂಗ್', ಅರಬರ ಬಾಯಲ್ಲಿ 'ನಾರಂಜ್'. ಮೊಘಲ್ ದೊರೆ ಬಾಬರ್ ತನ್ನ ನೆನಪಿನ ಬರಹದಲ್ಲಿ ಈ ಬಗ್ಗೆಯೇ ಯೋಚಿಸುತ್ತಾನೆ. ನಾರಂಗ್ ಎಂಬುದನ್ನೇ ಅರಬರು ನಾರಂಜ್ ಮಾಡಿಕೊಂಡಿರಬೇಕು ಎಂದು ಅವನಿಗೆ ಹೊಳೆಯಿತಂತೆ. ಈಗಿನ ಪಾಕಿಸ್ತಾನದ ಬಜೌರ್, ಸ್ವಾತ್ ಕಡೆಯ ಜನ ನಾರಂಗ್ ಎಂದೇ ಹೇಳುವುದನ್ನು ಕಂಡು ಊಹೆ ಸರಿ ಎಂದುಕೊಂಡ. ಯುದ್ಧ, ಗಡಿ, ತೋಟಗಳ ನಡುವೆ ಒಬ್ಬ ದೊರೆ ಕೂತು ಒಂದು ಹಣ್ಣಿನ ಹೆಸರನ್ನು ಹೀಗೆ ಬಿಡಿಸಿ ನೋಡಿದ್ದು ನನಗೆ ಬಹಳ ಇಷ್ಟ.

ಅರಬರಿಂದ ಸ್ಪೇನ್‌ಗೆ ಬಂದು 'ನರಾಂಹಾ' ಆಯಿತು. ಪೋರ್ಚುಗೀಸರಲ್ಲಿ ಮೊದಲಕ್ಷರ ಜಾರಿ 'ಲರಾಂಜಾ'. ಇಟಲಿಯಲ್ಲಿ ನಡೆದದ್ದು ಸ್ವಲ್ಪ ಹತ್ತಿರದಿಂದ ನೋಡುವಂಥದ್ದು. ಅಲ್ಲಿ 'ಉನಾ ನಾರಾಂಚಾ', ಅಂದರೆ ಒಂದು ನಾರಂಗ, ಎಂದು ಬೇಗ ಬೇಗ ಹೇಳುವಾಗ ಹಿಂದಿನ ನ-ಕಾರ ಮುಂದಿನ ನ-ಕಾರವನ್ನು ನುಂಗಿತು. 'ಉನ್ ಅರಾಂಚಾ' ಉಳಿಯಿತು. ಫ್ರೆಂಚಿನಲ್ಲೂ ಹೀಗೇ ನ-ಕಾರ ಹೋಯಿತು. ಜೊತೆಗೆ ಆ ಭಾಷೆಯಲ್ಲಿ ಚಿನ್ನಕ್ಕೆ 'ಓರ್' ಎನ್ನುತ್ತಾರೆ. ಹೊನ್ನಿನ ಬಣ್ಣದ ಹಣ್ಣು, ಚಿನ್ನವೇ ಇರಬೇಕು ಎಂದು ಜನರ ಮನಸ್ಸು ಅ-ಕಾರವನ್ನು ಒ-ಕಾರ ಮಾಡಿತು. ಆ ಒರೆಂಜ್ 14ನೇ ಶತಮಾನದಲ್ಲಿ ಇಂಗ್ಲಿಷಿಗೆ ದಾಟಿತು. ಹಂಗೇರಿ, ಸರ್ಬಿಯಾಗಳಲ್ಲಿ ಆ ಮೊದಲ ನ-ಕಾರ ಈಗಲೂ ಉಳಿದಿದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಹೀಗೆ ಯುರೋಪಿಗೆ ನಡೆದು ಹೋದ ಹೆಸರು ಹುಳಿ ಕಿತ್ತಳೆಯದು. ಆ ಕಾಲಕ್ಕೆ ಅಲ್ಲಿ ಇದ್ದದ್ದು ಕಹಿ ಮಿಶ್ರಿತ ಹುಳಿ ಹಣ್ಣು. ಸಿಹಿ ಕಿತ್ತಳೆ ಹಬ್ಬಿದ್ದು 15, 16ನೇ ಶತಮಾನಗಳಲ್ಲಿ, ಅದನ್ನು ಹೆಚ್ಚಾಗಿ ಹರಡಿದವರು ಪೋರ್ಚುಗೀಸರು. ಹೊಸ ರುಚಿ ಬಂದಾಗ ಕೆಲವರು ಹಳೆಯ ಹೆಸರನ್ನೇ ಅದಕ್ಕೂ ಕೊಟ್ಟರು. ಉಳಿದವರು ತಂದುಕೊಟ್ಟವರ ಹೆಸರನ್ನೇ ಇಟ್ಟರು. ಗ್ರೀಕರಿಗೆ ಅದು 'ಪೋರ್ಟೊಕಾಲಿ', ತುರ್ಕರಿಗೆ 'ಪೋರ್ತಕಾಲ್', ಅರಬರಿಗೆ 'ಬುರ್ತುಕಾಲ್', ರೊಮೇನಿಯಾದವರಿಗೆ 'ಪೋರ್ಟೊಕಾಲಾ'. ಎಲ್ಲದರ ಒಳಗೂ ಪೋರ್ಚುಗಲ್ ಇದೆ. ಪೋರ್ಚುಗಲ್‌ನಲ್ಲಿ ಮಾತ್ರ ಆ ಹೆಸರಿಲ್ಲ. ಇರಾನಿನಲ್ಲಂತೂ ಸಿಹಿ ಹಣ್ಣು 'ಪೋರ್ತೆಘಾಲ್' ಆಗಿ, ಜಗತ್ತಿಗೆಲ್ಲ ಹಂಚಿದ ತಮ್ಮ ನಾರಂಗದ ಪದ 'ನಾರೆಂಜ್' ಆಗಿ ಹುಳಿ ಹಣ್ಣಿಗೆ ಮೀಸಲಾಯಿತು.

ಇನ್ನು ಉತ್ತರ ಯುರೋಪು. ಹಡಗುಗಳು ಚೀನಾದಿಂದ ಬರುತ್ತವೆ ಎಂಬ ಲೆಕ್ಕದಲ್ಲಿ ಡಚ್ಚರು 'ಸಿನಾಸಾಪಲ್' ಎಂದರು, ಚೀನಾದ ಸೇಬು. ಉತ್ತರ ಜರ್ಮನಿಯ 'ಆಪ್ಫೆಲ್‌ಜೀನೆ', ರಷ್ಯದ 'ಅಪೆಲ್ಸಿನ್' ಅದೇ ಮಾತು. ಪೋರ್ಟೊರಿಕೊದಲ್ಲಿ ಸಿಹಿ ಕಿತ್ತಳೆಗೆ ಬರೀ 'ಚೀನಾ' ಎನ್ನುತ್ತಾರೆ. ಕಾನೂನಿನಲ್ಲಿ ಕೂತಿರುವ 'ಸೈನೆನ್ಸಿಸ್' ಎಂಬ ಲ್ಯಾಟಿನ್ ಪದಕ್ಕೂ ಚೀನಾದ್ದು ಎಂದೇ ಅರ್ಥ. ಹೀಬ್ರೂ ಆಡುವವರು 'ಚಿನ್ನದ ಸೇಬು' ಎಂಬ ಎರಡು ಪದಗಳನ್ನು ಕುಗ್ಗಿಸಿ 'ತಪೂಜ್' ಮಾಡಿಕೊಂಡರು.

ಮ್ಯಾಂಡರಿನ್ ಎಂಬ ಹೆಸರಿನ ಜಾಡು ಹಿಡಿದರೆ ಇನ್ನೂ ಅಚ್ಚರಿ. ಸಂಸ್ಕೃತದ 'ಮಂತ್ರಿ' ಮಲಯ ಭಾಷೆಗೆ ಹೋಗಿ 'ಮೆಂತೆರಿ' ಆಯಿತು. ಅದನ್ನು ಕೇಳಿಸಿಕೊಂಡ ಪೋರ್ಚುಗೀಸರು ಚೀನಾದ ಅಧಿಕಾರಿಗಳಿಗೆ 'ಮಂದರಿಂ' ಎಂದರು. ಅಧಿಕಾರಿಯ ಹೆಸರು ಅವರ ನಾಡಿನ ಹಣ್ಣಿಗೂ ಅಂಟಿತು. ಕಾನೂನಿನ ಆ ಒಂದು ಸಾಲು ನೆನಪಿಸಿಕೊಳ್ಳಿ: ಆರೆಂಜ್ ರಸಕ್ಕೆ ಹತ್ತನೇ ಒಂದು ಪಾಲು ಮ್ಯಾಂಡರಿನ್. ಆ ಎರಡೂ ಹೆಸರುಗಳ ಬೇರು ಈ ನೆಲದಲ್ಲೇ ಇದೆ.

ಕನ್ನಡದಲ್ಲಿ ಏನಾಯಿತು? ನಿಘಂಟಿನಲ್ಲಿ ನಾರಂಗ, ನಾರಂಗಿ ಇವೆ. ಮಾತಿನಲ್ಲಿ ನಿಂತದ್ದು ಕಿತ್ತಳೆ, ತಮಿಳಿನ 'ಕಿಚ್ಚಿಲಿ'ಯ ನೆಂಟ. ಈಗ ಆರೆಂಜ್ ಎನ್ನುವವರೂ ಜಾಸ್ತಿ. ದಕ್ಷಿಣದ ನುಡಿಗಳಿಂದ ಹೊರಟ ಪದ ಪರ್ಷಿಯಾ, ಅರೇಬಿಯಾ, ಇಟಲಿ, ಫ್ರಾನ್ಸ್, ಇಂಗ್ಲೆಂಡ್ ಸುತ್ತಿ ಮೊದಲಕ್ಷರ ಕಳೆದುಕೊಂಡು ನಮ್ಮಲ್ಲಿಗೇ ವಾಪಸ್ ಬಂದಿದೆ. ಮೋಸಂಬಿಯಲ್ಲಿ ಆಫ್ರಿಕಾದ ಮೊಜಾಂಬಿಕ್ ಕೂತಿದೆ. ಹಿಂದಿಯ 'ಸಂತರಾ' ಪೋರ್ಚುಗಲ್‌ನ ಸಿಂತ್ರಾ ಊರಿನಿಂದ ಬಂತು ಎಂದು ಬಹಳ ಜನ ಬರೆಯುತ್ತಾರೆ. ಇದನ್ನು ನಂಬುವುದು ಕಷ್ಟ. 1530ರಲ್ಲಿ ತೀರಿಕೊಂಡ ಬಾಬರ್ ಇಲ್ಲಿನ ಹಣ್ಣುಗಳ ಪಟ್ಟಿಯಲ್ಲೇ 'ಸಂಗ್ತರಾ' ಎಂದು ಬರೆದಿದ್ದಾನೆ. ಪೋರ್ಚುಗಲ್‌ನ ಒಂದು ಊರಿನ ಹೆಸರು ಅಷ್ಟು ಬೇಗ ಉತ್ತರ ಭಾರತದಲ್ಲಿ ಮನೆಮಾತಾಗಿರುವ ಸಾಧ್ಯತೆ ಕಡಿಮೆ.

ಹಾಗಾದರೆ ಪದ ಯಾರದ್ದು? ಸಂಸ್ಕೃತದ್ದೋ, ತಮಿಳಿನದ್ದೋ, ಪರ್ಷಿಯನ್ನರದ್ದೋ ಎಂದು ಆನ್‌ಲೈನ್‌ನಲ್ಲಿ ಜಗಳ ನಡೆದೇ ಇರುತ್ತದೆ. ಮೊದಲು ಯಾರು ನುಡಿದರು ಎಂದು ತಿಳಿಯುವ ಆಸೆ ತಪ್ಪಲ್ಲ. ಆದರೆ ಮೊದಲು ನುಡಿದವರೇ ಮಾಲೀಕರು ಎನ್ನುವ ಹಟ ಈ ಹಣ್ಣಿನ ಮುಂದೆ ನಿಲ್ಲುವುದಿಲ್ಲ. ಪೋರ್ಚುಗಲ್‌ನಲ್ಲಿ ಹುಟ್ಟದ ಹಣ್ಣಿಗೆ ಪೋರ್ಚುಗಲ್‌ನ ಹೆಸರಿದೆ. ಹೆಸರು ಹುಟ್ಟಿದ ಊರನ್ನಲ್ಲ, ಕೈ ಬದಲಾದ ದಾರಿಯನ್ನು ಹೇಳುತ್ತದೆ. ಕೊಟ್ಟವನು ಯಾರು, ಕೊಂಡವನು ಯಾರು, ಯಾವ ಬಂದರಿನಲ್ಲಿ ಇಳಿಯಿತು ಎಂಬುದು ಅದರಲ್ಲಿ ಸಿಗುತ್ತದೆ. ಚರಿತ್ರೆಗೆ ಬೇಕಾದದ್ದು ಅದೇ.

ಹಣ್ಣಿನ ಹೆಸರು ಬಣ್ಣಕ್ಕೆ ಹತ್ತಿದ್ದು ಆಮೇಲೆ. ಹಣ್ಣು ಬರುವ ಮೊದಲು ಇಂಗ್ಲಿಷಿನಲ್ಲಿ ಈ ಬಣ್ಣಕ್ಕೆ ಪ್ರತ್ಯೇಕ ಹೆಸರೇ ಇರಲಿಲ್ಲ. 14ನೇ ಶತಮಾನದ ಕವಿಯೊಬ್ಬ ನರಿಯ ಬಣ್ಣ ಹೇಳಲು 'ಹಳದಿ ಮತ್ತು ಕೆಂಪಿನ ನಡುವಿನದು' ಎಂದು ಸುತ್ತಿ ಬಳಸಿ ಹೇಳಬೇಕಾಯಿತು. ಅಲ್ಲಿನ ರಾಬಿನ್ ಹಕ್ಕಿಯ ಎದೆ ಕಿತ್ತಳೆ ಬಣ್ಣದ್ದು, ಆದರೂ ಅದನ್ನು ಕೆಂಪೆದೆಯ ಹಕ್ಕಿ ಎಂದೇ ಕರೆದರು. 16ನೇ ಶತಮಾನದ ಆರಂಭದಿಂದ ಬಟ್ಟೆಯ ಬಣ್ಣ ಹೇಳಲು ಆರೆಂಜ್ ಎನ್ನತೊಡಗಿದರು. ನ್ಯೂಟನ್ ಮೊದಲು ಬೆಳಕಿನಲ್ಲಿ ಐದು ಮುಖ್ಯ ಬಣ್ಣ ಎಂದವನು ಸಂಗೀತದ ಏಳು ಸ್ವರಗಳಿಗೆ ಹೊಂದಿಸಲು ಎರಡನ್ನು ಸೇರಿಸಿದ. ಆ ಎರಡರಲ್ಲಿ ಒಂದು ಆರೆಂಜ್. ಹೀಗೆ ಕಾಮನಬಿಲ್ಲಿಗೂ ಹಣ್ಣಿನ ಹೆಸರು ಏರಿತು.

ಆದರೆ ಆ ಹಣ್ಣಿಗೇ ಎಲ್ಲ ಕಡೆ ಆ ಬಣ್ಣ ಇರುವುದಿಲ್ಲ. ಸಿಪ್ಪೆಯ ಹಸಿರು ಕರಗಿ ಒಳಗಿನ ಬಣ್ಣ ಕಾಣಲು ರಾತ್ರಿಗಳು ತಂಪಾಗಿರಬೇಕು. ವರ್ಷವಿಡೀ ಬಿಸಿ ಇರುವ ನಾಡುಗಳಲ್ಲಿ ಹಣ್ಣು ಪೂರ್ತಿ ಮಾಗಿ, ಸಿಹಿ ತುಂಬಿದ ಮೇಲೂ ಹೊರಗೆ ಹಸಿರಾಗೇ ಇರುತ್ತದೆ. ಕೊಳ್ಳುವವರು ಇದನ್ನು ಒಪ್ಪಲಿಲ್ಲ. ಹೆಸರಿನಂತೆ ಬಣ್ಣವೂ ಇರಲಿ ಎಂದರು. ಹಾಗಾಗಿ ಎಥಿಲೀನ್ ಅನಿಲ ಬಿಟ್ಟು ಹಸಿರು ಕಳೆಯುವುದು ರೂಢಿಯಾಯಿತು. ಅಮೆರಿಕದಲ್ಲಿ ಸಿಪ್ಪೆಗೆ 'ಸಿಟ್ರಸ್ ರೆಡ್ 2' ಎಂಬ ಬಣ್ಣ ಹಚ್ಚಲೂ ಅನುಮತಿ ಕೊಟ್ಟರು, ಹತ್ತು ಲಕ್ಷಕ್ಕೆ ಎರಡು ಭಾಗದ ಮಿತಿಯಲ್ಲಿ. ಪ್ರಾಣಿಗಳ ಮೇಲಿನ ಪರೀಕ್ಷೆಗಳಲ್ಲಿ ಕ್ಯಾನ್ಸರ್ ಗುಣ ಕಂಡ ಬಣ್ಣ ಅದು. 2025ರ ಏಪ್ರಿಲ್‌ನಲ್ಲಿ ಆ ಅನುಮತಿ ರದ್ದು ಮಾಡುವ ಕೆಲಸ ಶುರು ಮಾಡುವುದಾಗಿ ಅಲ್ಲಿನ ಸರ್ಕಾರ ಹೇಳಿತು. ಇದು ಎಂದೋ ಆಗಬೇಕಿತ್ತು. ಹಸಿರು ಸಿಪ್ಪೆಯ ಹಣ್ಣೂ ಸಿಹಿಯಾಗಿರುತ್ತದೆ ಎಂದು ಜನರಿಗೆ ತಿಳಿಸುವ ಬದಲು ಹಣ್ಣಿಗೆ ಬಣ್ಣ ಬಳಿದದ್ದು ಅನ್ಯಾಯ.

ಬಣ್ಣವಾದ ಮೇಲೆ ಹೆಸರು ಎಲ್ಲೆಲ್ಲಿಗೋ ಹೋಯಿತು. ವಿಯೆಟ್ನಾಂ ಕಾಡುಗಳ ಮೇಲೆ 1960ರ ದಶಕದಲ್ಲಿ ಅಮೆರಿಕದ ವಿಮಾನಗಳು ಸುರಿದ ಕಳೆನಾಶಕ 'ಏಜೆಂಟ್ ಆರೆಂಜ್'. ದ್ರಾವಣಕ್ಕೆ ಆ ಬಣ್ಣವಿರಲಿಲ್ಲ, ಪೀಪಾಯಿಯ ಮೇಲೆ ಗುರುತಿಗೆ ಬಳಿದ ಪಟ್ಟಿಗೆ ಇತ್ತು. ನಾಲ್ಕು ಕೋಟಿ ಲೀಟರಿಗೂ ಮೀರಿ ಸುರಿದ ಆ ವಿಷದಲ್ಲಿದ್ದ ಡಯಾಕ್ಸಿನ್ ಎಂಬ ರಾಸಾಯನಿಕ ಮಣ್ಣಿನಲ್ಲೂ ಮಕ್ಕಳ ಮೈಯಲ್ಲೂ ಉಳಿಯಿತು. 2004ರಲ್ಲಿ ಉಕ್ರೇನಿನ ಜನ ಚುನಾವಣೆಯ ಮೋಸದ ವಿರುದ್ಧ ಕೀವ್‌ನ ಚೌಕದಲ್ಲಿ ಚಳಿಯಲ್ಲಿ ನಿಂತಾಗ ಅದು ಅವರ ಬಣ್ಣವಾಯಿತು. ಅವರ ಭಾಷೆಯಲ್ಲಿ ಅದರ ಹೆಸರು 'ಪೊಮರಾಂಚೆವಾ' ಕ್ರಾಂತಿ, ಇಟಲಿಯ 'ಅರಾಂಚಾ' ಅದರೊಳಗೇ ಇದೆ.

ಇನ್ನೊಂದು ಆರೆಂಜ್ ಇದೆ. ಅದಕ್ಕೂ ಹಣ್ಣಿಗೂ ಮೂಲದಲ್ಲಿ ಸಂಬಂಧವೇ ಇಲ್ಲ.

ಫ್ರಾನ್ಸಿನ ದಕ್ಷಿಣಕ್ಕೆ ಆರೆಂಜ್ ಎಂಬ ಊರಿದೆ, ಫ್ರೆಂಚರು 'ಒರಾಂಜ್' ಎನ್ನುತ್ತಾರೆ. ರೋಮನ್ನರು ಕ್ರಿ.ಪೂ. 35ರ ಸುಮಾರಿಗೆ ಅಲ್ಲಿ ಪಟ್ಟಣ ಕಟ್ಟಿದಾಗ ಅದರ ಹೆಸರು 'ಅರೌಸಿಯೊ'. ಅದು ಅಲ್ಲಿನ ಕೆಲ್ಟ್ ಜನರ ಪದ. ಯುರೋಪಿಗೆ ಕಿತ್ತಳೆ ಬರುವುದಕ್ಕೆ ನೂರಾರು ವರ್ಷ ಮೊದಲಿನ ಮಾತು. ಬಾಯಿಂದ ಬಾಯಿಗೆ ಸವೆದು ಸವೆದು ಅರೌಸಿಯೊ ಒರಾಂಜ್ ಆಯಿತು, ನಾರಂಗವೂ ಸವೆದು ಒರಾಂಜ್ ಆಯಿತು. ಎರಡೂ ಒಂದೇ ಸದ್ದಿಗೆ ಬಂದು ನಿಂತವು, ಅಷ್ಟೆ.

ಆ ಊರು ಒಂದು ಸಣ್ಣ ಸಂಸ್ಥಾನದ ರಾಜಧಾನಿ. 1544ರಲ್ಲಿ ಅದರ ಒಡೆಯ ಮಕ್ಕಳಿಲ್ಲದೆ ತೀರಿಕೊಂಡಾಗ ಪಟ್ಟ ದಾಯಾದಿಯೊಬ್ಬನಿಗೆ ಹೋಯಿತು. ಅವನು ಹನ್ನೊಂದು ವರ್ಷದ ವಿಲಿಯಂ. ದೊಡ್ಡವನಾದ ಮೇಲೆ ಸ್ಪೇನಿನ ಆಳ್ವಿಕೆಯ ವಿರುದ್ಧ ಡಚ್ಚರ ದಂಗೆಗೆ ನಾಯಕನಾದ. 1584ರಲ್ಲಿ ಕೊಲೆಯಾದ. ಅವನ ಪಟ್ಟದ ಹೆಸರು ಬಣ್ಣದ ಹೆಸರಿಗೆ ಹೊಂದಿಕೊಂಡಿತು. ಅವನ ಕಡೆಯವರು ಕಿತ್ತಳೆ, ಬಿಳಿ, ನೀಲಿ ಪಟ್ಟಿಗಳ ಬಾವುಟ ಹಾರಿಸಿದರು. ಆಮೇಲೆ ಊರೇ ಕೈ ಬಿಟ್ಟಿತು. 1713ರಲ್ಲಿ ಫ್ರಾನ್ಸಿಗೆ ಸೇರಿತು. ಆದರೂ ಮನೆತನದ ಹೆಸರಿನಲ್ಲಿ 'ಒರಾನ್ಯೆ' ಉಳಿಯಿತು, ಇವತ್ತಿನ ಡಚ್ ರಾಜಮನೆತನ ಅದೇ. ಡಚ್ಚರಿಗೆ ಬಣ್ಣ ಒರಾನ್ಯೆ, ಹಣ್ಣು ಮಾತ್ರ ಚೀನಾದ ಸೇಬು. ಅವರ ಕಿತ್ತಳೆ ಬಣ್ಣದಲ್ಲಿ ಕಿತ್ತಳೆ ಹಣ್ಣೇ ಇಲ್ಲ. ಕಿತ್ತಳೆ ಬಣ್ಣದ ಗಜ್ಜರಿಯನ್ನು ಈ ವಿಲಿಯಂನ ಗೌರವಕ್ಕೆ ಬೆಳೆಸಿದರು ಎಂಬ ಕಥೆಗೂ ಆಧಾರ ಸಿಕ್ಕಿಲ್ಲ.

ಇದೇ ಮನೆತನದ ಇನ್ನೊಬ್ಬ ವಿಲಿಯಂ ಇಂಗ್ಲೆಂಡಿನ ರಾಜನಾಗಿ 1690ರಲ್ಲಿ ಐರ್ಲೆಂಡಿನ ಬೋಯ್ನ್ ನದಿಯ ಬಳಿ ಕ್ಯಾಥೊಲಿಕ್ ದೊರೆಯನ್ನು ಸೋಲಿಸಿದ. ಅವನ ನೆನಪಿನಲ್ಲಿ 1795ರಲ್ಲಿ 'ಆರೆಂಜ್ ಆರ್ಡರ್' ಎಂಬ ಪ್ರಾಟೆಸ್ಟೆಂಟ್ ಸಂಘ ಹುಟ್ಟಿತು. ಉತ್ತರ ಐರ್ಲೆಂಡಿನಲ್ಲಿ ಪ್ರತಿ ವರ್ಷ ಜುಲೈ 12ರಂದು ಅವರ ಮೆರವಣಿಗೆ ಹೊರಡುತ್ತದೆ. ಕ್ಯಾಥೊಲಿಕ್ ಬಡಾವಣೆಗಳ ಮೂಲಕ ಹೋಗಬೇಕೇ ಬೇಡವೇ ಎಂಬ ಜಗಳಕ್ಕೆ ರಕ್ತವೂ ಹರಿದಿದೆ. ಐರ್ಲೆಂಡ್ ಗಣರಾಜ್ಯದ ಬಾವುಟದಲ್ಲಿ ಒಂದು ಪಟ್ಟಿ ಕಿತ್ತಳೆ. ಅದು ಆ ಪ್ರಾಟೆಸ್ಟೆಂಟರಿಗೆ ಕೊಟ್ಟ ಜಾಗ, ನಡುವಿನ ಬಿಳಿ ಎರಡು ಕಡೆಯವರ ಶಾಂತಿಗೆ.

ದಕ್ಷಿಣ ಆಫ್ರಿಕಾದಲ್ಲಿ ಇದೇ ಹೆಸರು ಒಂದು ನದಿಯ ಮೇಲೆ ಬಿತ್ತು. ಅಲ್ಲಿನ ಖೋಯಿ ಜನ ಅದನ್ನು ಗರೀಪ್ ಎನ್ನುತ್ತಿದ್ದರು. 1779ರಲ್ಲಿ ಡಚ್ ಕಂಪನಿಯ ಸೇನಾಧಿಕಾರಿ ರಾಬರ್ಟ್ ಗಾರ್ಡನ್ ರಾಜಮನೆತನದ ಗೌರವಕ್ಕೆ ಆರೆಂಜ್ ಎಂದ. ಕೆಸರು ನೀರಿನ ಬಣ್ಣ ನೋಡಿ ಇಟ್ಟ ಹೆಸರು ಎಂದು ಬಹಳ ಜನ ಈಗಲೂ ಅಂದುಕೊಂಡಿದ್ದಾರೆ. 1928ರಲ್ಲಿ ಆ ದೇಶ ಬಾವುಟ ಮಾಡಿಕೊಂಡಾಗ ಹಳೆಯ ಡಚ್ ದಂಗೆಯ ಕಿತ್ತಳೆ, ಬಿಳಿ, ನೀಲಿಯನ್ನೇ ತೆಗೆದುಕೊಂಡಿತು. ವರ್ಣಭೇದದ ಆಡಳಿತವೆಲ್ಲ ನಡೆದದ್ದು ಆ ಬಾವುಟದ ಕೆಳಗೆ. ಸ್ಪೇನಿನ ದಬ್ಬಾಳಿಕೆಯ ವಿರುದ್ಧ ಎದ್ದ ಬಣ್ಣ ಇನ್ನೊಂದು ದಬ್ಬಾಳಿಕೆಯ ಗುರುತಾಯಿತು. ನೆದರ್ಲೆಂಡ್ಸ್‌ನಲ್ಲೂ 1930ರ ದಶಕದಲ್ಲಿ ಅಲ್ಲಿನ ನಾಜಿ ಪಕ್ಷ ಇದೇ ಮೂರು ಬಣ್ಣ ಎತ್ತಿಕೊಂಡಿತು. 1937ರಲ್ಲಿ ರಾಣಿಯ ಆಜ್ಞೆ ಹೊರಟು, ದೇಶದ ಬಾವುಟ ಕೆಂಪು, ಬಿಳಿ, ನೀಲಿ ಎಂದು ಗೊತ್ತಾಯಿತು. ಈಗಲೂ ಕಟ್ಟಾ ಬಲಪಂಥೀಯರ ಪ್ರತಿಭಟನೆಗಳಲ್ಲಿ ಹಳೆಯ ಕಿತ್ತಳೆ ಪಟ್ಟಿ ಕಾಣುತ್ತದೆ.

ಏಪ್ರಿಲ್ 27 ಡಚ್ ರಾಜನ ಹುಟ್ಟುಹಬ್ಬ. ಅವತ್ತು ಆ್ಯಮ್‌ಸ್ಟರ್‌ಡ್ಯಾಮ್‌ನ ಕಾಲುವೆಗಳ ಮೇಲೆ ಕಿತ್ತಳೆ ಅಂಗಿ, ಟೋಪಿ, ದೋಣಿಗಳದ್ದೇ ಸಾಮ್ರಾಜ್ಯ. ಅದೇ ಏಪ್ರಿಲ್ 27 ದಕ್ಷಿಣ ಆಫ್ರಿಕಾದ ಸ್ವಾತಂತ್ರ್ಯ ದಿನ. 1994ರಲ್ಲಿ ಅವತ್ತು ಕರಿಯರೂ ಸೇರಿ ಎಲ್ಲ ಬಣ್ಣದವರೂ ಮೊದಲ ಸಲ ಸಮಾನವಾಗಿ ಮತ ಹಾಕಿದರು, ಕಿತ್ತಳೆ ಪಟ್ಟಿಯ ಬಾವುಟ ಇಳಿಯಿತು. ಆದರೂ ಅದನ್ನು ಬೀಸುವವರು ಉಳಿದರು. 2017ರ ಪ್ರತಿಭಟನೆಯೊಂದರಲ್ಲಿ ಅದು ಕಾಣಿಸಿಕೊಂಡ ಮೇಲೆ ನೆಲ್ಸನ್ ಮಂಡೇಲಾ ಫೌಂಡೇಶನ್ ನ್ಯಾಯಾಲಯಕ್ಕೆ ಹೋಯಿತು. ಕಾರಣವಿಲ್ಲದೆ ಆ ಬಾವುಟ ಪ್ರದರ್ಶಿಸುವುದು ದ್ವೇಷದ ನಡೆ ಎಂದು 2019ರ ಆಗಸ್ಟ್‌ನಲ್ಲಿ ಸಮಾನತಾ ನ್ಯಾಯಾಲಯ ಹೇಳಿತು. 2023ರ ಏಪ್ರಿಲ್‌ನಲ್ಲಿ ಮೇಲ್ಮನವಿಯಲ್ಲೂ ಆ ತೀರ್ಪು ನಿಂತಿತು. ಕಲೆ, ಅಧ್ಯಯನ, ಪತ್ರಿಕೆಯ ಕೆಲಸಕ್ಕೆ ಪ್ರಾಮಾಣಿಕವಾಗಿ ಬೇಕಾದರೆ ಅದನ್ನು ತೋರಿಸಬಹುದು. ಸುಮ್ನೆ ಎತ್ತಿ ಬೀಸುವಂತಿಲ್ಲ.